ದೇವರನ್ನು ನಂಬದವನಿಗೆ ದೇವರ ಸಿನಿಮಾ ಯಾಕೆ?

"ನೀವು ಪೂಜೆ ಗೀಜೆ ಏನೂ ಮಾಡಲ್ಲ. ಮತ್ತೆ ದೇವರು, ಪಾದ್ರಿ ಅಂತ ಹಳೇ ಸಿನಿಮಾಗಳನ್ನೇ ಯಾಕೆ ನೋಡ್ತೀರಿ?" ಸಿಕ್ಕವರೆಲ್ಲ ಕೇಳುತ್ತಾರೆ. ನಾನು ಒಳಗೊಳಗೇ ಭಕ್ತ ಎಂದು ಕೆಲವರ ಗುಮಾನಿ. ಭಕ್ತರನ್ನು ಆಡಿಕೊಳ್ಳಲು ನೋಡುತ್ತೇನೆ ಎಂದು ಇನ್ನು ಕೆಲವರ ಸಿಟ್ಟು. ಎರಡೂ ಅಲ್ಲ.

ದೇವರು ಇದ್ದಾನಾ ಇಲ್ವಾ ಎನ್ನುವುದು ನನಗೆ ಅಷ್ಟು ದೊಡ್ಡ ವಿಷಯವಲ್ಲ. ನಂಬಿಕೆ ಹೋದ ಮೇಲೂ ಅದೇ ಕೆಲಸಕ್ಕೆ ಹೋಗಬೇಕಾದವನ ಪಾಡು ಏನು? ನನಗೆ ಬೇಕಿರುವುದು ಅದು.

ಸ್ವೀಡನ್ನಿನ ಇಂಗ್ಮಾರ್ ಬರ್ಗ್‌ಮನ್ 1963ರಲ್ಲಿ ಮಾಡಿದ 'ವಿಂಟರ್ ಲೈಟ್' ಇಂಥವನ ಕತೆ. ಒಂದು ಚಳಿಗಾಲದ ಭಾನುವಾರ, ಮಧ್ಯಾಹ್ನದ ಕೆಲವೇ ಗಂಟೆಗಳು. ಪಾದ್ರಿ ತೋಮಸ್‌ಗೆ ಜ್ವರ, ನೆಗಡಿ. ಚರ್ಚಿನಲ್ಲಿ ಬೆರಳೆಣಿಕೆಯ ಜನ. ಯೋನಸ್ ಎಂಬ ಮೀನುಗಾರ ಬರುತ್ತಾನೆ. ಚೀನಾದ ಕೈಗೆ ಅಣುಬಾಂಬ್ ಸಿಗುತ್ತದೆ ಎಂದು ಓದಿ ಅವನಿಗೆ ಬದುಕುವ ಆಸೆಯೇ ಹೋಗಿದೆ. ಪಾದ್ರಿ ಧೈರ್ಯ ಹೇಳಬೇಕು ತಾನೇ? ಈತ ತನ್ನ ಅನುಮಾನಗಳನ್ನೇ ಅವನ ಮುಂದೆ ತೋಡಿಕೊಳ್ಳುತ್ತಾನೆ. ಯೋನಸ್ ಹೋಗಿ ಗುಂಡು ಹೊಡೆದುಕೊಳ್ಳುತ್ತಾನೆ. ಅಷ್ಟು ಪ್ರಾಮಾಣಿಕತೆ ಯಾರಿಗೆ ಬೇಕಿತ್ತು ಎಂದು ಪ್ರತಿಸಲವೂ ನನಗೆ ಕೋಪ ಬರುತ್ತದೆ.

ಸತ್ಯಜಿತ್ ರಾಯ್ ಅವರ 'ದೇವಿ' (1960) ಬೇರೆ ದಾರಿಯದು. ಸೊಸೆ ದಯಾಮಯಿ ಸಾಕ್ಷಾತ್ ಕಾಳಿ ಎಂದು ಮಾವನಿಗೆ ಕನಸು ಬೀಳುತ್ತದೆ. ಊರೇ ಅವಳ ಕಾಲಿಗೆ ಬೀಳುತ್ತದೆ. ಗಂಡ ರಾತ್ರಿ ಅವಳನ್ನು ಕರೆದುಕೊಂಡು ಓಡಿಹೋಗಲು ನೋಡಿದರೆ, ನದಿಯ ದಡದಲ್ಲಿ ಅವಳೇ ನಿಂತುಬಿಡುತ್ತಾಳೆ. ನಾನು ನಿಜವಾಗಿಯೂ ದೇವಿಯೇ ಆಗಿದ್ದರೆ? ಹದಿಹರೆಯದ ಶರ್ಮಿಳಾ ಟಾಗೋರ್ ಮುಖದಲ್ಲಿ ಆ ಪ್ರಶ್ನೆ ನೋಡಿ ಮೈ ಜುಮ್ಮೆನ್ನುತ್ತದೆ. ನಂಬದವರಿಗಷ್ಟೇ ಅನುಮಾನ ಇರುತ್ತದೆ ಅಂದುಕೊಂಡಿದ್ದೆ, ನೋಡಿ.

ಮತ್ತೆ ತೋಮಸ್‌ ಹತ್ತಿರ ಬರೋಣ. ಮಧ್ಯಾಹ್ನ ಮೂರಕ್ಕೆ ಇನ್ನೊಂದು ಚರ್ಚಿನಲ್ಲಿ ಪ್ರಾರ್ಥನೆ. ಬಂದವಳು ಅವನನ್ನು ಪ್ರೀತಿಸುವ ಶಾಲಾ ಟೀಚರ್ ಮಾರ್ತಾ ಒಬ್ಬಳೇ, ಅವಳಿಗೂ ದೇವರ ಮೇಲೆ ನಂಬಿಕೆಯಿಲ್ಲ. ಆದರೂ ತೋಮಸ್ ಎದ್ದು ನಿಂತು ಪ್ರಾರ್ಥನೆ ಶುರು ಮಾಡುತ್ತಾನೆ. ಸಿನಿಮಾ ಅಲ್ಲಿಗೆ ಮುಗಿಯುತ್ತದೆ. ಈ ಕೊನೆ ಸಿಕ್ಕಿದ್ದು ತನ್ನ ಅಪ್ಪನಿಂದ ಎಂದು ಬರ್ಗ್‌ಮನ್ ಬರೆದುಕೊಂಡಿದ್ದಾನೆ. ಅಪ್ಪನೂ ಪಾದ್ರಿ. ಇಬ್ಬರೂ ಒಂದು ಹಳ್ಳಿಯ ಚರ್ಚಿಗೆ ಹೋಗಿದ್ದಾಗ, ಅಲ್ಲಿಯ ಪಾದ್ರಿ ತನಗೆ ಹುಷಾರಿಲ್ಲ, ಇವತ್ತು ಪ್ರಸಾದದ ಪೂಜೆ ಬೇಡ ಎಂದನಂತೆ. ಮುದುಕ ಅಪ್ಪ ಸೀದಾ ಒಳಗೆ ಹೋಗಿ, ನಿಲುವಂಗಿ ತೊಟ್ಟು ಬಂದು ತಾನೇ ಪೂಜೆ ನಡೆಸಿದನಂತೆ.

ಒಮ್ಮೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ನೋಡಿದೆ. ಅರ್ಧ ಸಿನಿಮಾ ಅವಳು, "ಆ ಮನುಷ್ಯನಿಗೆ ಯಾರಾದ್ರೂ ಒಂದು ಲೋಟ ಕಷಾಯ ಕೊಡಬಾರದಾ" ಅನ್ನುತ್ತಿದ್ದಳು. ಮುಗಿದ ಮೇಲೆ ಕೇಳಿದೆ, ನಂಬಿಕೆಯೇ ಇಲ್ಲದವನು ಯಾಕಮ್ಮ ಪ್ರಾರ್ಥನೆ ಮಾಡಿದ?

"ಗಂಟೆ ಹೊಡೆದಾಗಿತ್ತಲ್ಲೋ," ಎಂದು ಎದ್ದು ಅಡುಗೆಮನೆಗೆ ಹೋದಳು.