ಮಂಡಲ ಕಣಿವೆಯ ಸೀತಾಳೆ: ಹೊಸ ಹೂವೊಂದು ಕಂಡರೆ ಅದನ್ನು ದಾಖಲಿಸಿಕೊಂಡು ಬರುವ ಬಗೆ

ಉತ್ತರಾಖಂಡದ ಚಮೋಲಿ ಜಿಲ್ಲೆಯ ಗೋಪೇಶ್ವರದಿಂದ ಚೋಪ್ತಾ ರಸ್ತೆ ಹಿಡಿದರೆ 13 ಕಿ.ಮೀ.ಗೆ ಮಂಡಲ ಸಿಗುತ್ತದೆ. ಹೆಚ್ಚಿನವರು ಇಲ್ಲಿ ಇಳಿಯುವುದು ಅನಸೂಯಾ ದೇವಿ ಗುಡಿಗೋ ರುದ್ರನಾಥಕ್ಕೋ ನಡೆಯಲು. ಅದೇ ದಾರಿಯ ಬದಿಯ ಬಾಂಜ್ (ಓಕ್) ಮರಗಳ ಮೇಲೆ, ಬುರಾಂಶ್ (ರೋಡೋಡೆಂಡ್ರಾನ್) ಬುಡದ ಎಲೆಗೊಬ್ಬರದಲ್ಲಿ, ಪಶ್ಚಿಮ ಹಿಮಾಲಯದಲ್ಲಿ ಬೇರೆಡೆ ಸುಲಭಕ್ಕೆ ಸಿಗದಷ್ಟು ಬಗೆಯ ಸೀತಾಳೆಗಳಿವೆ, ಅಂದರೆ ಆರ್ಕಿಡ್‌ಗಳು. ಸೆಫಲಾಂಥೆರಾ ಇರೆಕ್ಟಾ ಜಾತಿಯ ಒಬ್ಲಾನ್ಸಿಯೊಲೇಟಾ ಎಂಬ ಪ್ರಭೇದ ಭಾರತಕ್ಕೇ ಹೊಸದೆಂದು 2021ರಲ್ಲಿ ದಾಖಲಾದದ್ದು ಈ ಮಂಡಲದ ಕಾಡಿನಿಂದ, ಸುಮಾರು 1,870 ಮೀಟರ್ ಎತ್ತರದಲ್ಲಿ. ಅದಕ್ಕೆ ಒಂದು ವರ್ಷ ಹಿಂದೆ ಇದೇ ಜಿಲ್ಲೆಯ ಸಪ್ತಕುಂಡದ ದಾರಿಯಲ್ಲಿ, 3,800 ಮೀಟರ್ ಎತ್ತರದಲ್ಲಿ, ಲಿಪಾರಿಸ್ ಪಿಗ್ಮಿಯಾ ಸಿಕ್ಕಿತ್ತು. 1896ರ ನಂತರ ಭಾರತದಲ್ಲಿ ಯಾರಿಗೂ ಕಾಣದಿದ್ದ ಗಿಡ ಅದು. ಎರಡನ್ನೂ ಕಂಡವರು ರಾಜ್ಯದ ಅರಣ್ಯ ಇಲಾಖೆಯವರು. ಖಚಿತಪಡಿಸಿದ್ದು ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆ.

ಹೂ ಸಿಕ್ಕ ದಿನವೇ ಹೊಸ ಜಾತಿ ಸಿಕ್ಕಂತಲ್ಲ. ಅದು ಸಿಗುವುದು ತಿಂಗಳುಗಳ ನಂತರ, ಹರ್ಬೇರಿಯಂನ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಾಲಯದ, ಮೇಜಿನ ಮೇಲೆ, ನೀವು ಗಿಡ ಒಣಗಿಸಿ ತಂದ ಹಾಳೆಯನ್ನೂ ಹಳೆಯ ಹಾಳೆಗಳನ್ನೂ ಅಕ್ಕಪಕ್ಕ ಇಟ್ಟಾಗ. ಆ ಮೇಜಿಗೆ ಏನೇನು ಬೇಕು ಎಂದು ಮೊದಲು ತಿಳಿದುಕೊಂಡು ಹೊರಟವರ ಪ್ರವಾಸ ಮಾತ್ರ ಫಲ ಕೊಡುತ್ತದೆ. ಚಂದದ ನಲವತ್ತು ಫೋಟೋ ತಂದು, ಹೂವಿನ ಬೆನ್ನಿನ ಒಂದೇ ಒಂದು ಫೋಟೋ ಇಲ್ಲದೆ ಕೈಚೆಲ್ಲಿ ಕೂರುವುದು ಈ ಕೆಲಸದಲ್ಲಿ ತೀರಾ ಮಾಮೂಲು.

ಯಾವಾಗ ಹೋಗಬೇಕು ಎಂಬುದು ಯಾವ ಗುಂಪಿನ ಸೀತಾಳೆ ಎಂಬುದರ ಮೇಲೆ ನಿಂತಿದೆ. ಮಾರ್ಚ್-ಏಪ್ರಿಲ್ ಸೀಲೋಜಿನ್ ಕ್ರಿಸ್ಟಾಟಾದಂಥ ಮರವಾಸಿಗಳ ಕಾಲ. ಮೇ ತಿಂಗಳಿನಿಂದ ಜೂನ್ ಮೊದಲ ವಾರದವರೆಗೆ ಕಲಾಂಥೆ ಟ್ರೈಕ್ಯಾರಿನಾಟಾ ಮತ್ತು ಸೆಫಲಾಂಥೆರಾಗಳು. ಜುಲೈ-ಆಗಸ್ಟ್‌ನಲ್ಲಿ ಹ್ಯಾಬೆನೇರಿಯಾ, ಮಲಾಕ್ಸಿಸ್, ಹರ್ಮಿನಿಯಂ ಮುಂತಾದ ನೆಲದ ಸೀತಾಳೆಗಳ ಸುಗ್ಗಿ. ಮಳೆ ಹಿಂದೆ ಸರಿಯುವಾಗ ಸಟೀರಿಯಂ ನೇಪಾಲೆನ್ಸೆ, ಅದಾದ ಮೇಲೆ ಪಾಚಿ ಕಟ್ಟಿದ ಬಂಡೆಯ ಮೇಲೆ ಪ್ಲಿಯೋನೆ. ಒಂದೇ ಪ್ರವಾಸ ಮಾಡಲು ಸಾಧ್ಯವಿದ್ದರೆ ಮೇ ಕೊನೆಯ ಹತ್ತು ದಿನ ಒಳ್ಳೆಯದು: ರಸ್ತೆ ತೆರೆದಿರುತ್ತದೆ, ಜಿಗಣೆ ಕಡಿಮೆ, ಕಾಗದಗಳ ನಡುವೆ ಗಿಡ ಒತ್ತಿಡುವ ಒತ್ತುಹಲಗೆಯಲ್ಲಿ ಗಿಡ ಒಣಗುತ್ತದೆ. ಆದರೆ ದಾಖಲಾಗದೆ ಉಳಿದಿರುವ ಗಿಡಗಳು ಹೆಚ್ಚಾಗಿ ಸಿಗುವುದು ಯಾರೂ ಹೋಗಲು ಇಷ್ಟಪಡದ ಜುಲೈ-ಆಗಸ್ಟ್‌ನಲ್ಲೇ. ಅದರಲ್ಲೂ ಎಲೆಯೇ ಇಲ್ಲದೆ ಶಿಲೀಂಧ್ರದ ಆಸರೆಯಲ್ಲಿ ಬದುಕುವ ಎಪಿಪೋಜಿಯಂ, ಗ್ಯಾಸ್ಟ್ರೋಡಿಯಾಗಳು ವರ್ಷದಲ್ಲಿ ಕೆಲವೇ ದಿನ ನೆಲದ ಮೇಲೆ ತಲೆಯೆತ್ತುತ್ತವೆ. ಒಂದು ವಾರ ಮುಂಚೆ ಹೋದರೂ ಇಲ್ಲ, ಒಂದು ವಾರ ತಡವಾದರೂ ಇಲ್ಲ.

ಅನುಮತಿಯ ಕೆಲಸ ಹೊರಡುವುದಕ್ಕೆ ಎರಡು-ಮೂರು ತಿಂಗಳು ಮೊದಲೇ ಶುರುವಾಗಬೇಕು. ಮಂಡಲದ ಸುತ್ತಲ ಕಾಡು ಒಬ್ಬರ ಸುಪರ್ದಿಯಲ್ಲಿಲ್ಲ. ಕೆಲವು ಭಾಗ 1972ರಲ್ಲಿ ಘೋಷಿತವಾದ ಕೇದಾರನಾಥ ವನ್ಯಜೀವಿ ಧಾಮಕ್ಕೆ ಸೇರಿದೆ, ಕೆಲವು ಕಾಯ್ದಿಟ್ಟ ಅರಣ್ಯ, ಊರಿನ ಪಕ್ಕದ್ದು ಊರವರೇ ನೋಡಿಕೊಳ್ಳುವ ವನ ಪಂಚಾಯತ್‌ಗೆ ಸೇರಿದ್ದು. ಧಾಮದೊಳಗೆ ಅಧ್ಯಯನಕ್ಕೆ ಕಾಲಿಡಲು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಮಿನಡಿ ಪರವಾನಗಿ ಬೇಕು. ಗಿಡದ ಒಂದು ಎಲೆ ಕೀಳುವುದಕ್ಕೂ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಒಪ್ಪಿಗೆ ಬೇಕು. ಅರ್ಜಿಯಲ್ಲಿ "ಆರ್ಕಿಡ್ ಅಧ್ಯಯನ" ಎಂದಷ್ಟೇ ಬರೆದರೆ ನೋಡುವುದಕ್ಕೆ ಮಾತ್ರ ಅನುಮತಿ ಬರುತ್ತದೆ. ಎಷ್ಟು ಗಿಡ, ಯಾವ ಭಾಗ, ಯಾವ ಹರ್ಬೇರಿಯಂಗೆ ಸೇರಿಸುವುದು ಎಂದು ಬಿಡಿಸಿ ಬರೆಯಿರಿ. ವನ ಪಂಚಾಯತ್‌ನ ಸರಪಂಚರಿಗೆ ಖುದ್ದಾಗಿ ಭೇಟಿಯಾಗಿ ಹೇಳುವುದು ಸೌಜನ್ಯವಷ್ಟೇ ಅಲ್ಲ, ಅಗತ್ಯ ಕೂಡ. ಹತ್ತಾಜಡಿ ಎಂಬ ಔಷಧೀಯ ಸೀತಾಳೆಯ ಗೆಡ್ಡೆ ಕದಿಯುವವರ ಕಾಟದಿಂದಾಗಿ, ಕಾಡಿನಲ್ಲಿ ನೆಲ ಅಗೆಯುವ ಅಪರಿಚಿತರನ್ನು ಊರವರು ಅನುಮಾನದಿಂದಲೇ ನೋಡುತ್ತಾರೆ. ಹಾಗೆ ನೋಡುವುದು ಸರಿಯೂ ಹೌದು.

ದಾರಿಯ ಮಾತು ಚಿಕ್ಕದು. ಋಷಿಕೇಶದಿಂದ ಬದರಿ ಹೆದ್ದಾರಿಯಲ್ಲಿ ರುದ್ರಪ್ರಯಾಗ, ಕರ್ಣಪ್ರಯಾಗ ದಾಟಿ ಚಮೋಲಿ, ಅಲ್ಲಿಂದ ಮೇಲೆ ಗೋಪೇಶ್ವರ. ಇದಕ್ಕೆ ಇಡೀ ಒಂದು ದಿನ ಬೇಕು. ಬೆಳಗಿನ ಜಾವದ ಬಸ್ಸು ಹಿಡಿಯಿರಿ. ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ತೆರವು ಮಾಡಲು ಹಗಲು ಉಳಿದಿರಬೇಕು. ಮಳೆಗಾಲದಲ್ಲಿ ಹೋಗುವ ದಿನಕ್ಕೊಂದು, ಬರುವ ದಿನಕ್ಕೊಂದು ಹೆಚ್ಚುವರಿ ದಿನ ಇಟ್ಟುಕೊಳ್ಳಿ. ಗೋಪೇಶ್ವರದಿಂದ ಮಂಡಲಕ್ಕೆ ಶೇರ್ ಜೀಪುಗಳಿವೆ. ಉಪಗ್ರಹ ಫೋನು, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನಗಳನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ, ಮೇಲಾಗಿ ಇದು ಗಡಿ ಜಿಲ್ಲೆ. ಸಾಮಾನ್ಯ ಜಿಪಿಎಸ್ ಸಾಕು.

ಮೊದಲ ಅರ್ಧ ದಿನವನ್ನು ಮಂಡಲದಲ್ಲಿರುವ ಅರಣ್ಯ ಇಲಾಖೆಯ ಆರ್ಕಿಡ್ ಸಂರಕ್ಷಣಾ ಕೇಂದ್ರಕ್ಕೆ ಕೊಡಿ. ಇಲ್ಲಿ ಸಾಮಾನ್ಯವಾಗಿ ಇರುವುದು ಯಾವುದು ಎಂದು ಕಣ್ಣಿಗೆ ರೂಢಿಯಾಗದೆ, ಅಸಾಮಾನ್ಯವಾದದ್ದು ಕಾಣುವುದಿಲ್ಲ. ಆಮೇಲೆ ಅನಸೂಯಾ ಗುಡಿಯ 5 ಕಿ.ಮೀ. ದಾರಿ, ಅಲ್ಲಿಂದ ಮುಂದೆ ಅತ್ರಿ ಮುನಿ ಗುಹೆಯ ಕಡೆ ಅಮೃತಗಂಗೆಯ ದಂಡೆ. ಯಾತ್ರಿಕರು ಎರಡು-ಮೂರು ಗಂಟೆಯಲ್ಲಿ ಏರುವ ಆ 5 ಕಿ.ಮೀ.ಗೆ ಎರಡು ದಿನ ತೆಗೆದುಕೊಳ್ಳಿ. ಹತ್ತುವಾಗ ನೆಲ ನೋಡಿ, ಇಳಿಯುವಾಗ ಮರ ನೋಡಿ. ಎರಡನ್ನೂ ಒಟ್ಟಿಗೆ ನೋಡಲು ಹೋದವರು ಎರಡನ್ನೂ ತಪ್ಪಿಸಿಕೊಳ್ಳುತ್ತಾರೆ, ಕೆಲವೊಮ್ಮೆ ಕಾಲನ್ನೂ ಉಳುಕಿಸಿಕೊಳ್ಳುತ್ತಾರೆ. ಗಾಳಿ ಬೀಸಿದ ಮರುದಿನ ಬಿದ್ದ ಕೊಂಬೆಗಳನ್ನು ತಿರುವಿ ನೋಡುವುದು ಮರೆಯಬೇಡಿ. ಇಪ್ಪತ್ತು ಮೀಟರ್ ಮೇಲಿನ ಸೀತಾಳೆ ಅಲ್ಲಿ ಕಾಲ ಬುಡದಲ್ಲೇ ಸಿಗುತ್ತದೆ.

ಈಗ ಮುಖ್ಯ ಕೆಲಸ. ಅನುಮಾನ ಹುಟ್ಟಿಸುವ ಹೂ ಕಂಡಿತು ಎನ್ನೋಣ. ಮುಟ್ಟುವ ಮೊದಲು ಎಣಿಸಿ. ಇಪ್ಪತ್ತಕ್ಕೆ ಒಂದಕ್ಕಿಂತ ಹೆಚ್ಚು ಗಿಡ ತೆಗೆಯಬಾರದು ಎಂಬುದು ಸಸ್ಯ ಸಂಗ್ರಹದಲ್ಲಿ ನಡೆದುಬಂದ ಲೆಕ್ಕ. ಇಪ್ಪತ್ತು ಇಲ್ಲದಿದ್ದರೆ ಒಂದು ಹೂ, ಒಂದು ಎಲೆಯ ತುಂಡು, ಫೋಟೋ, ಅಷ್ಟೇ. ನೆಲದ ಸೀತಾಳೆಯ ಗೆಡ್ಡೆಯ ಆಕಾರ ಗುರುತಿಗೆ ಬೇಕಾಗುತ್ತದೆ, ಆದರೆ ಅದಕ್ಕಾಗಿ ಗಿಡ ಕೀಳಬೇಕಿಲ್ಲ. ಒಂದು ಪಕ್ಕದ ಮಣ್ಣನ್ನು ಬೆರಳಿನಿಂದ ಸರಿಸಿ, ಅಳತೆಪಟ್ಟಿ ಇಟ್ಟು ಫೋಟೋ ತೆಗೆದು, ಮತ್ತೆ ಮುಚ್ಚಿ ಎಲೆಗೊಬ್ಬರ ಹೊದಿಸಿ.

ಫೋಟೋದಲ್ಲಿ ಚಂದಕ್ಕಿಂತ ಕ್ರಮ ಮುಖ್ಯ. ಮೊದಲು ಜಾಗ, ಆಮೇಲೆ ಇಡೀ ಗಿಡ, ಕಾಂಡದ ಬುಡ, ಎಲೆಯ ಎರಡೂ ಮೈ, ಹೂಗೊಂಚಲು, ಹೂವಿನಡಿಯ ಪುಟ್ಟ ಎಲೆ. ನಂತರ ಒಂದೇ ಹೂವಿನ ಮುಂಭಾಗ, ಪಕ್ಕ, ಬೆನ್ನು, ಕೆಳಗಿನಿಂದ. ಪಕ್ಕದ ಫೋಟೋ ಇಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥವಾಗಬಹುದು. ಇಲ್ಲಿಯದೇ ಉದಾಹರಣೆ: ಸೆಫಲಾಂಥೆರಾ ಲಾಂಗಿಫೋಲಿಯಾ ಈ ಕಾಡಿನಲ್ಲಿ ಸಾಮಾನ್ಯ, ಎದುರಿನಿಂದ ನೋಡಿದರೆ ಇರೆಕ್ಟಾ ಕೂಡ ಅದರಂತೆಯೇ ಬಿಳಿ ಹೂ. ಇರೆಕ್ಟಾದಲ್ಲಿ ಸಾಮಾನ್ಯವಾಗಿ ತುಟಿಯ (ಉಳಿದವಕ್ಕಿಂತ ಬೇರೆ ಆಕಾರದ ದಳ) ಬುಡದಿಂದ ಗಿಡ್ಡ ಕೊಂಬೊಂದು ಪುಷ್ಪಪತ್ರಗಳ (ದಳಗಳ ಹೊರಗಿನ ಸುತ್ತು) ನಡುವೆ ಹೊರಚಾಚಿರುತ್ತದೆ. ಅದು ಇದೆಯೋ ಇಲ್ಲವೋ ಎಂಬುದು ಪಕ್ಕದಿಂದ ಮಾತ್ರ ಗೊತ್ತಾಗುತ್ತದೆ.

ಒಂದು ಹೂ ಬಿಡಿಸಲೇಬೇಕು. ಕಪ್ಪು ಕಾಗದದ ಮೇಲೆ ಒಂದೆರಡು ಹನಿ ಗ್ಲಿಸರಿನ್ ಹಾಕಿ, ಮೂರು ಪುಷ್ಪಪತ್ರ, ಎರಡು ದಳ, ತುಟಿ, ಸ್ತಂಭ (ಗಂಡು-ಹೆಣ್ಣು ಭಾಗಗಳು ಕೂಡಿದ ನಡುಗಂಬ) ಹೀಗೆ ಸಾಲಾಗಿ ಇಟ್ಟು, ಪಕ್ಕದಲ್ಲಿ ಮಿಲಿಮೀಟರ್ ಗ್ರಾಫ್ ಕಾಗದದ ಪಟ್ಟಿ. ಗ್ಲಿಸರಿನ್ ಇಲ್ಲದಿದ್ದರೆ ದಳಗಳು ಎರಡೇ ನಿಮಿಷಕ್ಕೆ ಸುರುಳಿ ಸುತ್ತುತ್ತವೆ. ಕೊನೆಗೆ ಸ್ತಂಭದ ತುದಿಯ ಟೊಪ್ಪಿಯನ್ನು ಸೂಜಿಯಿಂದ ಎತ್ತಿ ಪರಾಗಪಿಂಡಗಳನ್ನು ಎಣಿಸಿ; 10 ಪಟ್ಟು ಹಿಗ್ಗಿಸುವ ಮಸೂರ ಸಾಕು. ಹ್ಯಾಬೆನೇರಿಯಾದಲ್ಲಿ ಎರಡು, ಅಂಟು ಬಿಲ್ಲೆಯ ಸಮೇತ. ಲಿಪಾರಿಸ್‌ನಲ್ಲಿ ನಾಲ್ಕು, ಬಾಲವೂ ಇಲ್ಲ, ಬಿಲ್ಲೆಯೂ ಇಲ್ಲ. ಕಲಾಂಥೆಯಲ್ಲಿ ಎಂಟು. ಈ ಒಂದು ಎಣಿಕೆ ಅರ್ಧ ಗೊಂದಲ ತೀರಿಸುತ್ತದೆ. ಜೇನು ಬಂದು ಹೋದ ಹೂವಿನಲ್ಲಿ ಪಿಂಡಗಳೇ ಇರುವುದಿಲ್ಲ, ಆದ್ದರಿಂದ ಆಗಷ್ಟೇ ಅರಳಿದ ಹೂ ಆರಿಸಿ.

ಮಾದರಿ ಮೂರು ರೂಪದಲ್ಲಿ ಬೇಕು. ಒಂದು, ಒತ್ತಿ ಒಣಗಿಸಿದ ಹಾಳೆ. ಎರಡು, ದ್ರವದಲ್ಲಿಟ್ಟ ಹೂ: 70 ಭಾಗ ಸ್ಪಿರಿಟ್, 29 ಭಾಗ ನೀರು, 1 ಭಾಗ ಗ್ಲಿಸರಿನ್. ಸ್ಪಿರಿಟ್ಟನ್ನು ವಿಮಾನದಲ್ಲಿ ತರಲಾಗದು, ಡೆಹ್ರಾಡೂನ್‌ನಲ್ಲಿ ಕೊಂಡುಕೊಳ್ಳಿ. ಮೂರು, ಡಿಎನ್‌ಎ ಪರೀಕ್ಷೆಗೆ ಎಲೆ: ಎರಡು ಬೆರಳಗಲದ ತುಂಡು, ಅದರ ತೂಕದ ಕನಿಷ್ಠ ಹತ್ತು ಪಟ್ಟು ಸಿಲಿಕಾ ಜೆಲ್ ಜೊತೆ ಜಿಪ್ ಚೀಲದಲ್ಲಿ. ಸೀತಾಳೆಯ ಎಲೆ ದಪ್ಪ, ಹಾಗಾಗಿ ಕತ್ತರಿಯಿಂದ ಸಣ್ಣ ಪಟ್ಟಿ ಮಾಡಿ. ಮರುದಿನ ಮುರಿದರೆ ಪಟ್ಟೆಂದು ಮುರಿಯಬೇಕು. ಬಗ್ಗಿದರೆ ಜೆಲ್ ಬದಲಿಸಿ. ಫಾರ್ಮಲಿನ್ ಸೇರಿದ ದ್ರವದಲ್ಲಿ ಇಟ್ಟದ್ದು ಡಿಎನ್‌ಎಗೆ ಪ್ರಯೋಜನವಿಲ್ಲ. ಶೀಸೆಯೊಳಗಿನ ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ, ಸ್ಪಿರಿಟ್ ಪೆನ್ನಿನ ಶಾಯಿಯನ್ನು ಒಂದೇ ರಾತ್ರಿಯಲ್ಲಿ ತೊಳೆದುಬಿಡುತ್ತದೆ. ಹಾಳೆ, ಶೀಸೆ, ಚೀಲ, ಫೋಟೋ ನಾಲ್ಕಕ್ಕೂ ಒಂದೇ ಸಂಖ್ಯೆ ಇರಲಿ.

ಒತ್ತುಹಲಗೆ ಮಳೆಗಾಲದಲ್ಲಿ ದೊಡ್ಡ ತಲೆನೋವು. ಮರವಾಸಿ ಸೀತಾಳೆಯ ಹುಸಿಗೆಡ್ಡೆ (ನೀರು ತುಂಬಿ ಉಬ್ಬಿದ ಕಾಂಡ) ಒತ್ತಿಟ್ಟರೂ ಸಾಯುವುದಿಲ್ಲ; ವಾರಗಳ ನಂತರ ಪತ್ರಿಕೆಯ ನಡುವೆ ಹೊಸ ಚಿಗುರು ಬಿಟ್ಟುಕೊಂಡು ಎಲೆ ಉದುರಿಸಿ ಕೂತಿರುತ್ತದೆ. ಒತ್ತುವ ಮೊದಲು ಅದನ್ನು ಅರ್ಧ ನಿಮಿಷ ಕುದಿನೀರಿನಲ್ಲಿ ಅದ್ದಿ, ಸೂಜಿಯಿಂದ ಚುಚ್ಚಿ. ಹೂ ಮಾತ್ರ ನೀರಿಗೆ ಸೋಕಬಾರದು. ಕಾಗದವನ್ನು ಮೊದಲ ನಾಲ್ಕು ದಿನ ದಿನಕ್ಕೊಮ್ಮೆ, ಮಳೆಯಿದ್ದರೆ ಎರಡು ಬಾರಿ ಬದಲಿಸಿ. ನಡುವೆ ಅಲೆಅಲೆಯ ರಟ್ಟು ಇಟ್ಟು ಅದರ ಕೊಳವೆಗಳಲ್ಲಿ ಬೆಚ್ಚಗಿನ ಗಾಳಿ ಹಾಯುವಂತೆ ಮಾಡಿದರೆ ಬೇಗ ಒಣಗುತ್ತದೆ. ಒಲೆಯ ಮೇಲೆ ತೂಗುಹಾಕಿದರೆ ಬೆಂದು ಕಪ್ಪಾಗುತ್ತದೆ. ಕಲಾಂಥೆಯ ಹೂ ಜಜ್ಜಿದ ಕಡೆ ನೀಲಿಯಾದರೆ ಗಾಬರಿ ಬೇಡ, ಅದರಲ್ಲಿ ನೀಲಿ ಬಣ್ಣದ ಮೂಲವಸ್ತುವೇ ಇದೆ. ಆದರೆ ಮೂಲ ಬಣ್ಣ ಹಾಳೆಯಲ್ಲಿ ಉಳಿಯದು, ಅದಕ್ಕೇ ಬಣ್ಣ, ವಾಸನೆ, ಯಾವ ಹೊತ್ತಿನ ವಾಸನೆ ಎಂಬುದನ್ನು ಗಿಡದ ಮುಂದೆಯೇ ಬರೆದುಕೊಳ್ಳಬೇಕು. ಜೊತೆಗೆ ಎತ್ತರ, ಇಳಿಜಾರಿನ ದಿಕ್ಕು, ಆಸರೆಯ ಮರ ಬಾಂಜ್ ಆಗಿತ್ತೋ ಮೋರು ಎಂಬ ಇನ್ನೊಂದು ಓಕ್ ಆಗಿತ್ತೋ, ನೆಲದಿಂದ ಎಷ್ಟು ಮೇಲೆ. ದಟ್ಟ ಮರದಡಿ ಜಿಪಿಎಸ್ ಹತ್ತು-ಹದಿನೈದು ಮೀಟರ್ ತಪ್ಪುವುದುಂಟು, ಐದು ನಿಮಿಷ ನಿಂತು ಓದಿ. ಗಾಳಿಯ ಒತ್ತಡದಿಂದ ಎತ್ತರ ಹೇಳುವ ಕೈಗಡಿಯಾರಗಳು ಮೋಡ ಕವಿದರೆ ಸುಳ್ಳು ಹೇಳುತ್ತವೆ, ಎತ್ತರ ಗೊತ್ತಿರುವ ಜಾಗದಲ್ಲಿ ಬೆಳಿಗ್ಗೆ ಸರಿಮಾಡಿಕೊಳ್ಳಿ.

ಸಪ್ತಕುಂಡದ ಕಡೆ ಹೋಗುವವರಿಗೆ ಇಷ್ಟು: ಅದು ಬಿರಹಿಯಿಂದ ನಿಜ್ಮುಲಾ ಕಣಿವೆಯ ಮೂಲಕ ಹೋಗುವ ದಾರಿ, ಡೇರೆ ಮತ್ತು ಊರಿನ ಮಾರ್ಗದರ್ಶಿ ಬೇಕು, ಎತ್ತರಕ್ಕೆ ಒಗ್ಗಿಕೊಳ್ಳಲು ದಿನ ಬೇಕು. ಲಿಪಾರಿಸ್ ಪಿಗ್ಮಿಯಾ ಹೆಸರಿಗೆ ತಕ್ಕಂತೆ ಕುಳ್ಳು. ನಿಂತು ನೋಡಿದರೆ ಕಾಣುವುದಿಲ್ಲ, ಮಂಡಿಯೂರಬೇಕು.

ಹಿಂದಿರುಗುವಾಗ ಡೆಹ್ರಾಡೂನ್‌ನಲ್ಲಿ ಎರಡು-ಮೂರು ದಿನ ಇಟ್ಟುಕೊಳ್ಳಿ. ಸಸ್ಯ ಸರ್ವೇಕ್ಷಣ ಸಂಸ್ಥೆಯ ಉತ್ತರ ವಲಯ ಕೇಂದ್ರದ ಹರ್ಬೇರಿಯಂ ಮತ್ತು ಅರಣ್ಯ ಸಂಶೋಧನಾ ಸಂಸ್ಥೆಯ ಹರ್ಬೇರಿಯಂ ಎರಡೂ ಅಲ್ಲೇ ಇವೆ. ಪಶ್ಚಿಮದ ಹಾಳೆಗಳಿಗಷ್ಟೇ ಹೋಲಿಸಿ ನಿಲ್ಲಿಸಬೇಡಿ. ಕಿಂಗ್ ಮತ್ತು ಪ್ಯಾಂಟ್ಲಿಂಗ್ 1898ರಲ್ಲಿ ಸಿಕ್ಕಿಂ ಹಿಮಾಲಯದ ಆರ್ಕಿಡ್‌ಗಳ ಬಗ್ಗೆ ಪ್ರಕಟಿಸಿದ ಚಿತ್ರಗಳನ್ನೂ ನೇಪಾಳ, ಭೂತಾನದ ದಾಖಲೆಗಳನ್ನೂ ನೋಡಿ. ಚಮೋಲಿಯಲ್ಲಿ "ಹೊಸದು" ಎನಿಸಿದ ಗಿಡಕ್ಕೆ ಪೂರ್ವ ಹಿಮಾಲಯದಲ್ಲಿ ಶತಮಾನದ ಹಿಂದೆಯೇ ಹೆಸರಿಟ್ಟಿರುವುದು ಅಪರೂಪವಲ್ಲ. ರಾಜ್ಯಕ್ಕೆ ಹೊಸದು, ದೇಶಕ್ಕೆ ಹೊಸದು, ವಿಜ್ಞಾನಕ್ಕೇ ಹೊಸದು, ಈ ಮೂರೂ ಬೇರೆ ಬೇರೆ. ವಿಜ್ಞಾನಕ್ಕೇ ಹೊಸದಾದರೆ ಲ್ಯಾಟಿನ್ ಅಥವಾ ಇಂಗ್ಲಿಷಿನಲ್ಲಿ ವಿವರಣೆ ಇರಬೇಕು, ಯಾವ ಹಾಳೆ ಮೂಲ ಮಾದರಿ ಮತ್ತು ಅದು ಯಾವ ಹರ್ಬೇರಿಯಂನಲ್ಲಿದೆ ಎಂದು ಪ್ರಬಂಧದಲ್ಲೇ ಹೇಳಬೇಕು. ಇಲ್ಲದಿದ್ದರೆ ಹೆಸರು ಊರ್ಜಿತವಾಗದು. ಜೈವಿಕ ವೈವಿಧ್ಯ ಕಾಯ್ದೆಯ 39ನೇ ಕಲಮು ಇನ್ನೊಂದು ಹೊಣೆ ಹೊರಿಸುತ್ತದೆ: ಹೊಸ ಜಾತಿ ಕಂಡವರು ಅದನ್ನು ಅಧಿಕೃತ ಭಂಡಾರಕ್ಕೆ ತಿಳಿಸಿ, ಮಾದರಿಯನ್ನು ಅಲ್ಲಿ ಸೇರಿಸಬೇಕು. ಸೀತಾಳೆಯ ಇಡೀ ಕುಟುಂಬವೇ ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ) ಪಟ್ಟಿಯಲ್ಲಿರುವುದರಿಂದ, ಹಾಳೆಯನ್ನು ವಿದೇಶದ ಗೆಳೆಯರಿಗೆ ಅಂಚೆಯಲ್ಲಿ ಕಳಿಸುವ ಯೋಚನೆ ಬೇಡ. ಫೋಟೋ ಮತ್ತು ಅಳತೆ ಕಳಿಸಿ.

ಜಾಗದ ವಿಳಾಸ ಗುಟ್ಟಾಗಿರಲಿ. ಗಿಡ-ಪ್ರಾಣಿ ಕಂಡದ್ದನ್ನು ಜನ ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣ ಅಳಿವಿನಂಚಿನ ಪಟ್ಟಿಯಲ್ಲಿರುವ ಜಾತಿಗಳ ಜಾಗವನ್ನು ತಾನೇ ಮಸುಕು ಮಾಡುತ್ತದೆ, ಆದರೆ ನಿಮ್ಮ ಹೊಸ ಗಿಡ ಯಾವ ಪಟ್ಟಿಯಲ್ಲೂ ಇರುವುದಿಲ್ಲ! ಅದನ್ನು ನೀವೇ ಮಸುಕು ಮಾಡಬೇಕು. ವಾಟ್ಸಾಪ್ ಗುಂಪಿಗೆ ಹಾಕುವ ಮೊದಲು ಫೋಟೋದೊಳಗೆ ಅಡಗಿರುವ ಸ್ಥಳದ ಮಾಹಿತಿಯನ್ನು ಅಳಿಸಿ, ಹಿನ್ನೆಲೆಯಲ್ಲಿ ಗುಡಿಯ ಶಿಖರವೋ ಸೇತುವೆಯೋ ಕಾಣುತ್ತಿದೆಯೇ ಎಂದು ಒಮ್ಮೆ ನೋಡಿ.