ಎಡಗಡೆ ಕಿಡ್ನಿಯಲ್ಲಿ ಸ್ವಲ್ಪ ನೀರು

ಬಸಿರಿನ 20ನೇ ವಾರದಲ್ಲಿ ಹೊಟ್ಟೆಯೊಳಗಿನ ಮಗುವಿನ ಅಂಗಾಂಗ ನೋಡುವ ಅನಾಮಲಿ ಸ್ಕ್ಯಾನ್ ರಿಪೋರ್ಟಿನಲ್ಲಿ ಒಂದು ಸಾಲು ಬಿಟ್ಟು ಎಲ್ಲವೂ ನಾರ್ಮಲ್. ಆ ಸಾಲು: ಎಡ ಕಿಡ್ನಿಯ ಪೆಲ್ವಿಸ್ 5.2 ಮಿ.ಮೀ., ಮೈಲ್ಡ್ ಪೈಲೆಕ್ಟೇಸಿಸ್, ಅಂದರೆ ಆ ಜಾಗ ಸ್ವಲ್ಪ ಊದಿದೆ.

ಡಾಕ್ಟರ್ ಮೇಡಂ ರಿಪೋರ್ಟಿನ ಹಿಂದೆ ಚಿತ್ರ ಬರೆದು ತೋರಿಸಿದರು. ಕಿಡ್ನಿ ಸೋಸಿದ ಮೂತ್ರ ನಳಿಕೆಗೆ ಇಳಿಯುವ ಮೊದಲು ಸೇರುವ ಜಾಗವೇ ಪೆಲ್ವಿಸ್. ಅದು ಈಗ 4 ಮಿ.ಮೀ. ಒಳಗಿರಬೇಕು, 28 ವಾರ ದಾಟಿದ ಮೇಲೆ 7ರ ಒಳಗೆ. "ಬಲಗಡೆದು ಸರಿಯಿದೆ. ಮೂತ್ರಚೀಲ ತುಂಬ್ತಿದೆ, ಖಾಲಿ ಆಗ್ತಿದೆ. ಮಗು ಸುತ್ತ ನೀರೂ ಸಾಕಷ್ಟಿದೆ. ಹೆಚ್ಚಿನ ಮಕ್ಕಳಿಗೆ ಇದು ತಾನಾಗೇ ಸರಿಹೋಗುತ್ತಮ್ಮ" ಎಂದರು. ಡೌನ್ ಸಿಂಡ್ರೋಮಿಗೂ ಇದಕ್ಕೂ ಸಣ್ಣ ನಂಟಿದೆಯೆಂದು ಮೊದಲ ತಿಂಗಳುಗಳಲ್ಲಿ ಅದಕ್ಕೆಂದೇ ಮಾಡಿಸಿದ್ದ ರಕ್ತಪರೀಕ್ಷೆಯ, ಡಬಲ್ ಮಾರ್ಕರಿನ, ಹಳೆಯ ರಿಪೋರ್ಟನ್ನೂ ತೆಗೆಸಿ ನೋಡಿದರು. ಅದರಲ್ಲಿ ರಿಸ್ಕ್ ಕಡಿಮೆಯಿತ್ತು.

ರಾತ್ರಿ ಗೂಗಲ್ ಮಾಡದೆ ಇರೋಕಾಗುತ್ತಾ? ಗಂಡುಮಕ್ಕಳಲ್ಲಿ ಇದು ಜಾಸ್ತಿ, ಮೂತ್ರನಾಳದಲ್ಲಿ ಅಡ್ಡ ಪೊರೆ ಬೆಳೆಯುವ ತೊಂದರೆಯಂತೂ ಗಂಡಿಗೆ ಮಾತ್ರ ಎಂದು ಓದಿದೆ. ಗಂಡೋ ಹೆಣ್ಣೋ ಕೇಳುವಂತಿಲ್ಲ, 1994ರ ಕಾಯ್ದೆ ಇದೆ. ಮೇಡಂ ಹತ್ತಿರ ಸುತ್ತಿಬಳಸಿ ವಿಷಯ ಎತ್ತಿದೆ. "ಯಾವ ಮಗುವಾದ್ರೂ ನಾನು ನೋಡೋದು ಅದೇ. ಎರಡೂ ಕಿಡ್ನಿ, ಮೂತ್ರಚೀಲ, ಸುತ್ತಲಿನ ನೀರು" ಎಂದು ನಕ್ಕು ಮುಗಿಸಿದರು.

32ನೇ ವಾರದಲ್ಲಿ ಅದು 8 ಮಿ.ಮೀ. ಆಗಿತ್ತು. ಅತ್ತೆ ದಿನಾ ಬಾರ್ಲಿ ನೀರು ಕುಡಿಸಿದರು. ನನ್ನ ಕಿಡ್ನಿಗೆ ಒಳ್ಳೆಯದೇ ಆಗಿರಬೇಕು.

ಗಂಡುಮಗು ಹುಟ್ಟಿತು. ನಿಜವಾದ ಜಗಳ ಶುರುವಾಗಿದ್ದು ಆಗಲೇ. "ಹೇಗೂ ಆಸ್ಪತ್ರೇಲೇ ಇದ್ದೀವಿ, ಸ್ಕ್ಯಾನ್ ಈಗಲೇ ಮುಗಿಸಿಬಿಡಿ. ಹಸಿ ಬಾಣಂತಿ ಮತ್ತೆ ಹೊರಗೆ ತಿರುಗೋದು ಬೇಡ" ಅಂತ ಅಮ್ಮನ ಹಟ. ಮಕ್ಕಳ ಡಾಕ್ಟರ್ ಒಪ್ಪಲಿಲ್ಲ. ಮೊದಲ ಎರಡು ದಿನ ಮಗುವಿಗೆ ಮೂತ್ರವೇ ಕಡಿಮೆ. ಆಗ ನೋಡಿದರೆ ಊತ ಕಾಣದೇ ಹೋಗಬಹುದು. 48 ಗಂಟೆಯಾದರೂ ಕಳೆಯಬೇಕು, ನಿಮ್ಮಂಥ ಕೇಸಿಗೆ ಒಂದು ವಾರ ಬಿಟ್ಟು ಬಂದರೆ ಇನ್ನೂ ಒಳ್ಳೆಯದು ಎಂದರು. ಎರಡೂ ಕಿಡ್ನಿ ಊದಿದ್ದರೆ, ಮೂತ್ರ ಕಟ್ಟಿದ್ದರೆ ಕಾಯುವ ಮಾತೇ ಇರುತ್ತಿರಲಿಲ್ಲವಂತೆ. ನನಗೆ ಡಾಕ್ಟರ ಮಾತೇ ಸರಿ ಅನ್ನಿಸಿತು. ಚೆನ್ನಾಗಿದೆ ಅಂತ ಸುಳ್ಳು ರಿಪೋರ್ಟ್ ಹಿಡಿದು ಮನೆಗೆ ಹೋಗಿ ಏನು ಮಾಡೋದು?

ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್, ಪಕ್ಕದಲ್ಲಿ ಗೊಣಗುವ ಅಮ್ಮ. ಹೀಗೆ ನಾಮಕರಣಕ್ಕೂ ಮೊದಲೇ ಮತ್ತೆ ಆಸ್ಪತ್ರೆ ಮೆಟ್ಟಿಲು ಹತ್ತಿದೆವು. ಸ್ಕ್ಯಾನಿಗೆ ಮುಂಚೆ ಹೊಟ್ಟೆತುಂಬಾ ಹಾಲು ಕುಡಿಸಿ ಎಂದಿದ್ದರು. ಅವನು ಕುಡಿದು, ಜೆಲ್ ಹಚ್ಚುತ್ತಿದ್ದ ಹಾಗೇ ಟೆಕ್ನಿಷಿಯನ್ ತೋಳಿನ ಮೇಲೆ ಉಚ್ಚೆ ಹೊಯ್ದ. ಧಾರೆ ಚೆನ್ನಾಗಿದೆ ಅಂತ ಡಾಕ್ಟರಿಗೆ ಖುಷಿ!

ಅಳತೆ 11 ಮಿ.ಮೀ. ಬಂತು. ಕಿಡ್ನಿಯ ದಪ್ಪ ಸರಿಯಿತ್ತು, ನಳಿಕೆ ಊದಿರಲಿಲ್ಲ. ಹಾಗಾಗಿ ಆಂಟಿಬಯಾಟಿಕ್ ಬೇಡ, ಟ್ಯೂಬ್ ಹಾಕಿ ಔಷಧ ಬಿಟ್ಟು ತೆಗೆಯುವ ಎಕ್ಸ್‌ರೇಯೂ ಸದ್ಯಕ್ಕೆ ಬೇಡ ಎಂದರು. ಹೇಳಿದ್ದು ಒಂದೇ ಮಾತು: ನೆಗಡಿ, ಕೆಮ್ಮು ಇಲ್ಲದೆ ಜ್ವರ ಬಂದರೆ ಸಿರಪ್ ಕೊಟ್ಟು ಕಾಯಬೇಡಿ, ಅವತ್ತೇ ಮೂತ್ರ ಪರೀಕ್ಷೆ ಮಾಡಿಸಿ. ಅದನ್ನು ತಾಯಿ ಕಾರ್ಡಿನ ಮೇಲೆ ಕೆಂಪಕ್ಷರದಲ್ಲಿ ಬರೆಸಿಕೊಂಡೆ.

ಮೂರು ತಿಂಗಳಿಗೆ 8 ಮಿ.ಮೀ.ಗೆ ಇಳಿದಿದೆ. ಮುಂದಿನ ಸ್ಕ್ಯಾನ್ ವರ್ಷ ತುಂಬಿದ ಮೇಲೆ.