ಕೆಮ್ಮಿದರೆ ಸೋರುತ್ತೆ, ಅದಕ್ಕೆ ವಯಸ್ಸು ಅಂತ ಹೆಸರು

ಭಾನುವಾರ, ಮಾರ್ಚ್ 9, 2025

ಹಾಸನದಿಂದ ಬಸ್ಸು ಹತ್ತುವ ದಿನ ಅಮ್ಮ ಬೆಳಗ್ಗೆಯಿಂದ ನೀರು ಮುಟ್ಟುವುದಿಲ್ಲ. ಸೀನಿದರೆ, ಜೋರಾಗಿ ನಕ್ಕರೆ ಮೂತ್ರ ಸೋರುತ್ತದೆ. ಮನೆ ಬೀಗ ತೆಗೆಯುವಷ್ಟರಲ್ಲಿ ಅವಸರ ಬಂದು ಬಾತ್‌ರೂಮ್ ತಲುಪುವುದೇ ಕಷ್ಟ. ಕೇಳಿದರೆ, "ವಯಸ್ಸಾಯ್ತಲ್ಲ ಕಣೇ, ನಿಮ್ಮಜ್ಜಿಗೂ ಹಿಂಗೇ ಇತ್ತು." ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಅಜ್ಜಿಗೆ ಮಂಡಿನೋವೂ ಇತ್ತು, ಅದಕ್ಕೆ ಮಾತ್ರ ಊರಿಡೀ ಎಣ್ಣೆ ಹುಡುಕಿದರು, ಅಲ್ವಾ?

ನಿನ್ನೆ ಫಿಸಿಯೋಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋಗಿದ್ದೆ. ಮೂತ್ರಕೋಶ, ಗರ್ಭಕೋಶ ಎಲ್ಲವನ್ನೂ ಕೆಳಗಿನಿಂದ ಜೋಲಿಯ ಹಾಗೆ ಹೊತ್ತಿರುವ ಸ್ನಾಯುಗಳಿವೆ, ಅದೇ ಪೆಲ್ವಿಕ್ ಫ್ಲೋರ್. ಹೆರಿಗೆ, ಮುಟ್ಟು ನಿಂತ ಮೇಲಿನ ಬದಲಾವಣೆ, ವರ್ಷಗಟ್ಟಲೆ ಮಲಬದ್ಧತೆ, ಬಿಡದ ಕೆಮ್ಮು, ತೂಕ, ಇವೆಲ್ಲ ಅದನ್ನು ಸಡಿಲ ಮಾಡುತ್ತವೆ. ಸ್ನಾಯು ಅಂದಮೇಲೆ ವ್ಯಾಯಾಮದಿಂದ ಬಲ ಬರುತ್ತದೆ, ಅರವತ್ತಾಗಲಿ ಎಪ್ಪತ್ತಾಗಲಿ. ಕೆಗೆಲ್ ಎಂಬ ಅಮೆರಿಕದ ಡಾಕ್ಟರು 1948ರಲ್ಲೇ ಇದನ್ನು ಬರೆದಿದ್ದರು.

"ಜನರ ಮಧ್ಯೆ ಕೂತಾಗ ಹೂಸು ಬಂದರೆ ಹೇಗೆ ಬಿಗಿ ಹಿಡೀತೀರಿ? ಹಾಗೆ, ಮೂತ್ರವನ್ನೂ ಸೇರಿಸಿ ಒಳಕ್ಕೆ, ಮೇಲಕ್ಕೆ ಎಳೀರಿ" ಅಂದರು. ಅಮ್ಮ ನಕ್ಕಳು, ಅದಕ್ಕೂ ಸೋರಿತಂತೆ. ಆಮೇಲೆ ಅವರು ಪರೀಕ್ಷೆ ಮಾಡಿ ನೋಡಿದರೆ ಅಮ್ಮ ಮೇಲಕ್ಕೆ ಎಳೆಯುತ್ತಲೇ ಇಲ್ಲ, ತಿಣುಕಿ ಕೆಳಕ್ಕೆ ತಳ್ಳುತ್ತಿದ್ದಾಳೆ! ಬಹಳ ಜನ ಹೀಗೇ ಮಾಡುತ್ತಾರಂತೆ. ಅದಕ್ಕೇ ಸುಮ್ನೆ ಯೂಟ್ಯೂಬ್ ನೋಡಿ ಶುರುಮಾಡುವುದಕ್ಕಿಂತ ಒಮ್ಮೆ ಗೊತ್ತಿರುವವರ ಹತ್ತಿರ ತೋರಿಸಿಕೊಳ್ಳುವುದು ಒಳ್ಳೆಯದು. ಹೊಟ್ಟೆ, ತೊಡೆ, ಕುಂಡಿ ಬಿಗಿಯಬಾರದು. ಉಸಿರು ಕಟ್ಟಬಾರದು. "ಇದು ನಮ್ಮ ಯೋಗದ ಮೇಷ್ಟ್ರು ಹೇಳೋ ಮೂಲಬಂಧ ತಾನೇ?" ಅಂದಳು ಅಮ್ಮ. ಹತ್ತಿರದ್ದೇ, ಆದರೆ ಆ ಮೇಷ್ಟ್ರು ಎಲ್ಲಿ ಬಿಗಿಯಬೇಕು ಅಂತ ಬಾಯಿಬಿಟ್ಟು ಹೇಳಿದ್ದರೆ ತಾನೇ.

ಒಂದು ಸಲಕ್ಕೆ ಎಂಟು ಬಾರಿ, ದಿನಕ್ಕೆ ಮೂರು ಸಲ. ಮೊದಲು ಮೂರ್ನಾಲ್ಕು ಸೆಕೆಂಡು ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಟ್ಟು, ನಿಧಾನಕ್ಕೆ ಎಂಟು ಸೆಕೆಂಡಿನವರೆಗೆ ಏರಿಸಬೇಕು. ಕನಿಷ್ಠ ಮೂರು ತಿಂಗಳು. ಮೂತ್ರ ಮಾಡುವಾಗ ಅರ್ಧಕ್ಕೆ ನಿಲ್ಲಿಸಿ ಅಭ್ಯಾಸ ಮಾಡಬಾರದು. ಕೆಮ್ಮು, ಸೀನು ಬರುತ್ತದೆ ಅನ್ನಿಸಿದ ತಕ್ಷಣ ಮೊದಲೇ ಬಿಗಿ ಹಿಡಿಯಬೇಕು.

ಅವಸರ ಬಂದಾಗ ಓಡಬಾರದು ಅಂತ ಹೇಳಿದ್ದು ಅಮ್ಮನಿಗೆ ಒಪ್ಪಿಗೆಯಾಗಲಿಲ್ಲ. ನಿಂತಲ್ಲೇ ನಿಂತು ನಾಲ್ಕೈದು ಸಲ ಬೇಗ ಬೇಗ ಬಿಗಿದರೆ ಅವಸರ ತಗ್ಗುತ್ತದೆ, ಆಮೇಲೆ ನಿಧಾನ ಹೋಗಿ ಅಂದರು. "ಅಷ್ಟರಲ್ಲಿ ಆಗೋದ್ರೆ ನೀವು ಒರೆಸ್ತೀರಾ?" ಅಂತ ಕೇಳೇಬಿಟ್ಟಳು. ಆದರೆ ಇದಕ್ಕೆ ಆಧಾರವಿದೆ. 1998ರಲ್ಲಿ ಅಮೆರಿಕದಲ್ಲಿ 55 ದಾಟಿದ 197 ಹೆಂಗಸರ ಮೇಲೆ ಒಂದು ಅಧ್ಯಯನ ನಡೆಯಿತು, ಹೆಚ್ಚಿನವರದು ಇದೇ ಅವಸರದ ತೊಂದರೆ. ಈ ಥರದ ಅಭ್ಯಾಸ ಕಲಿತವರಲ್ಲಿ ಸೋರುವುದು 81% ಕಡಿಮೆಯಾಯಿತು, ಮಾತ್ರೆ ತೆಗೆದುಕೊಂಡವರಲ್ಲಿ 69%, ಔಷಧವೇ ಇಲ್ಲದ ಸುಳ್ಳು ಮಾತ್ರೆ ತೆಗೆದುಕೊಂಡವರಲ್ಲಿ 39%.

ನೀರು ಬಿಡುವುದಂತೂ ಪೂರ್ತಿ ತಪ್ಪು. ಮೂತ್ರ ಗಟ್ಟಿಯಾಗಿ ಉರಿ, ಮಲಬದ್ಧತೆ ಬೇರೆ. ಕಡಿಮೆ ಮಾಡಬೇಕಾದದ್ದು ಕಾಫಿ. ಸಂಜೆಯ ಕಾಫಿ ಬಿಡಲು ಒಪ್ಪಿದ್ದಾಳೆ, ಬೆಳಗಿನ ಎರಡನೇ ಲೋಟದ ಬಗ್ಗೆ ಮಾತುಕತೆ ನಡೆಯುತ್ತಿದೆ.

ಇವತ್ತು ದೊಡ್ಡಮ್ಮನಿಗೆ ಫೋನ್ ಮಾಡಿದಳು. ಅವರಿಗೂ ಇದೇ ಕಥೆ, ಜೊತೆಗೆ ಕೆಳಗೆ ಏನೋ ಜಾರಿದ ಹಾಗಿದೆಯಂತೆ. ಅದು, ಉರಿ, ಮೂತ್ರದಲ್ಲಿ ರಕ್ತ, ಇವಿದ್ದರೆ ಮೊದಲು ಡಾಕ್ಟರಿಗೇ ತೋರಿಸಬೇಕು, ಆಮೇಲೆ ವ್ಯಾಯಾಮ. ಈ ವಾರವೇ ಕರೆದುಕೊಂಡು ಹೋಗಲು ಅಣ್ಣನಿಗೆ ಹೇಳಿದ್ದೇನೆ. ಯಾಕೆ ಅಂತ ಅವನಿಗೆ ಹೇಳಬೇಡ ಅಂದರು ದೊಡ್ಡಮ್ಮ, ನಾನು ಹೇಳಿದ್ದೇನೆ.